ಬಿದ್ದು ಕೈಕಾಲು ಅದುರಿದ್ದೆಲ್ಲ ಫಿಟ್ಸ್ ಅಲ್ವಂತೆ? ಮಗಳ ವಿಷಯ, ಸ್ವಲ್ಪ ಉದ್ದ ಇದೆ

ತಿಪಟೂರು ಸುಮಾ · ಭಾನುವಾರ ರಾತ್ರಿ 9:40

ನನ್ನ ಮಗಳಿಗೆ 16 ವರ್ಷ. ಒಂದೂವರೆ ವರ್ಷದಿಂದ ಫಿಟ್ಸ್ ಮಾತ್ರೆ ನುಂಗುತ್ತಿದ್ದಾಳೆ. ಮೊನ್ನೆ ಬೇರೆ ಡಾಕ್ಟರ್ ಒಬ್ಬರಿಗೆ ತೋರಿಸಿದೆವು. ಎಲ್ಲ ಕೇಳಿಸಿಕೊಂಡು "ಇದು ಫಿಟ್ಸ್ ಅಲ್ಲದೇ ಇರಬಹುದು ಕಣಮ್ಮ" ಅಂದರು. ಅವತ್ತಿನಿಂದ ಖುಷಿಪಡಬೇಕೋ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯುತ್ತಿಲ್ಲ.

ಇಲ್ಲಿಯವರೆಗೆ ಮೂರು ಸಲ ಬಿದ್ದಿದ್ದಾಳೆ. ಮೊದಲನೆಯದು ಶಾಲೆಯಲ್ಲಿ, ಆಗಸ್ಟ್ 15ರಂದು. ಬೆಳಿಗ್ಗೆ ಏನೂ ತಿನ್ನದೆ ಹೋಗಿದ್ದಳು. ಭಾಷಣ ಮುಗಿಯುವ ಹೊತ್ತಿಗೆ ಬಿಸಿಲಲ್ಲಿ ಕುಸಿದಳಂತೆ. ಎರಡನೆಯದು ನಾನೇ ಕಣ್ಣಾರೆ ನೋಡಿದ್ದು. ನಾದಿನಿ ಮಗನ ಮದುವೆ. ಮುಯ್ಯಿ ಕೊಡುವವರ ಸಾಲು ಬಾಗಿಲವರೆಗೂ ಇತ್ತು. ರೇಷ್ಮೆ ಲಂಗ ಉಟ್ಟುಕೊಂಡು, ಫ್ಯಾನ್ ಇಲ್ಲದ ಮೂಲೆಯಲ್ಲಿ ಮುಕ್ಕಾಲು ಗಂಟೆ ನಿಂತಿದ್ದಳು. "ಅಮ್ಮ, ಕಿವಿ ಗುಂಯ್ ಅಂತಿದೆ" ಅಂದಳು. ತಿರುಗಿ ನೋಡಿದರೆ ಮುಖ ಸುಣ್ಣ ಬಳಿದ ಹಾಗಿತ್ತು. ಕುಸಿಯುವಷ್ಟರಲ್ಲಿ ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಆಗ ಶುರುವಾಯಿತು ನೋಡಿ. ಕಣ್ಣು ಮೇಲೆ ಸಿಕ್ಕಿಕೊಂಡಿತು, ಕೈಗಳು ಏಳೆಂಟು ಸಲ ಜಗ್ಗಿದವು. "ಫಿಟ್ಸು, ಫಿಟ್ಸು" ಅಂತ ಯಾರೋ ಕೂಗಿದರು. ಒಬ್ಬರು ಸ್ಕೂಟರ್ ಕೀ ತಂದು ಕೈಗೆ ತುರುಕಿದರು. ಇನ್ನೊಬ್ಬರು ಚಪ್ಪಲಿ ತರಲು ಓಡಿದರು. ಕೆಳಗೆ ಮಲಗಿಸಿದ ಕೂಡಲೇ ತಾನೇ ಕಣ್ಣು ಬಿಟ್ಟಳು. "ಯಾಕೆ ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ?" ಅಂತ ಕೇಳಿದಳು. ಒಟ್ಟು ಅರ್ಧ ನಿಮಿಷ ಆಗಿರಬಹುದು.

ಮೂರನೆಯದು ಲ್ಯಾಬ್‌ನಲ್ಲಿ, ರಕ್ತ ತೆಗೆಯುವಾಗ, ಕುರ್ಚಿಯಲ್ಲಿ ಕೂತಲ್ಲೇ.

ಆ ಮದುವೆ ಮುಗಿದ ವಾರಕ್ಕೆ ಒಂದು ಕಡೆ ಇಇಜಿ (ತಲೆಗೆ ವೈರು ಅಂಟಿಸಿ ಮಿದುಳಿನ ಅಲೆ ನೋಡುವ ಪರೀಕ್ಷೆ) ಮಾಡಿಸಿದ್ದೆವು. "ಸ್ವಲ್ಪ ವ್ಯತ್ಯಾಸ ಇದೆ" ಅಂತ ರಿಪೋರ್ಟ್ ಬಂತು, ಮಾತ್ರೆ ಶುರುವಾಯಿತು. ಈಗ 9 ಕೆಜಿ ಏರಿದ್ದಾಳೆ. ಬಾಚಿದರೆ ಬಾಚಣಿಗೆ ತುಂಬ ಕೂದಲು. ಹೊಸ ಡಾಕ್ಟರ್ ಕೇಳಿದ್ದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಬೀಳುವ ಮೊದಲು ಏನು ಮಾಡುತ್ತಿದ್ದಳು, ಮುಖದ ಬಣ್ಣ ಹೇಗಿತ್ತು, ಎದ್ದ ಮೇಲೆ ಎಷ್ಟು ಹೊತ್ತಿಗೆ ಸರಿಯಾಗಿ ಮಾತಾಡಿದಳು ಅಂತೆಲ್ಲ.

ಈ ಥರ ಯಾರಿಗಾದರೂ ಆಗಿದೆಯಾ?

ಇಇಜಿ ರೂಮಿನಿಂದ · ಭಾನುವಾರ ರಾತ್ರಿ 10:25

ಸುಮಾ ಅವರೇ, ಬೇರೆ ಏನು ಓದುವ ಮೊದಲು ಇದನ್ನು ಓದಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ಗಕ್ಕನೆ ಬಿಟ್ಟರೆ ಅದರಿಂದಲೇ ಫಿಟ್ಸ್ ಬರುತ್ತದೆ. ಡಾಕ್ಟರ್ ಹೇಳಿದ ಹಾಗೆ ಹಂತ ಹಂತವಾಗಿಯೇ ಇಳಿಸಬೇಕು.

ನಾನು ಡಾಕ್ಟರ್ ಅಲ್ಲ, 11 ವರ್ಷದಿಂದ ಇಇಜಿ ತೆಗೆಯುವ ಕೆಲಸ ನನ್ನದು. ರಾತ್ರಿ ನಿದ್ದೆ ಕಡಿಮೆ ಮಾಡಿ, ತಲೆಗೆ ಸ್ನಾನ ಮಾಡಿ, ಎಣ್ಣೆ ಹಾಕದೆ ಬನ್ನಿ ಅಂತ ಎಲ್ಲರಿಗೂ ಹೇಳಿರುತ್ತೇವೆ. ಆದರೂ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡೇ ಬರುವವರು ದಿನಕ್ಕೆ ಇಬ್ಬರಾದರೂ ಸಿಗುತ್ತಾರೆ. ಟೇಪ್ ಹಿಡಿದು ತಲೆ ಅಳೆದು, ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಆ ಜಾಗ ತಿಕ್ಕಿ, ಪೇಸ್ಟ್ ಹಚ್ಚಿ ಇಪ್ಪತ್ತಕ್ಕಿಂತ ಜಾಸ್ತಿ ವೈರು ಅಂಟಿಸುತ್ತೇವೆ. ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತೇವೆ. ಕಣ್ಣಿನ ಮುಂದೆ ಲೈಟ್ ಮಿಣುಕಿಸುತ್ತೇವೆ. ಸಾಮಾನ್ಯವಾಗಿ ಎಲ್ಲ ಸೇರಿ ಅರ್ಧ ಗಂಟೆಯ ದಾಖಲೆ. ಆ ಅರ್ಧ ಗಂಟೆಯಲ್ಲಿ ಮಿದುಳಿನ ಕರೆಂಟು ಹೇಗೆ ಹರಿಯಿತು ಅಂತ ಮಾತ್ರ ನಮಗೆ ಗೊತ್ತು. ಮದುವೆ ಮನೆಯ ಸಾಲಿನಲ್ಲಿ ಏನಾಯಿತು ಅನ್ನುವುದು ನಮ್ಮ ಕಾಗದದಲ್ಲಿ ಇರುವುದಿಲ್ಲ.

ನಿಜವಾದ ಅಪಸ್ಮಾರ, ಅಂದರೆ ಫಿಟ್ಸ್ ರೋಗ, ಇರುವವರಲ್ಲೂ ಮೊದಲ ಇಇಜಿ ಸುಮಾರು ಅರ್ಧ ಜನಕ್ಕೆ ನಾರ್ಮಲ್ ಬರುತ್ತದೆ. ಏನೂ ಇಲ್ಲದ ಹುಡುಗರಲ್ಲಿ, ಅದರಲ್ಲೂ ತೂಕಡಿಸುವಾಗ, ಚೂಪಾಗಿ ಕಾಣುವ ಅಲೆಗಳು ಬರುತ್ತವೆ. ಹಲ್ಲು ಕಡಿದರೂ, ರೆಪ್ಪೆ ಬಡಿದರೂ ಗೆರೆ ಕುಣಿಯುತ್ತದೆ. "ಸ್ವಲ್ಪ ವ್ಯತ್ಯಾಸ" ಅನ್ನುವ ಎರಡು ಪದ ಹಿಡಿದುಕೊಂಡು ಬಂದ ಎಷ್ಟೋ ತಾಯಂದಿರನ್ನು ನೋಡಿದ್ದೇನೆ. ಅವರ ಮುಂದೆ ನಾವು ಬಾಯಿ ಬಿಡುವ ಹಾಗಿಲ್ಲ. ಇಲ್ಲಿ ಹೆಸರಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಕೈಕಾಲು ಅದುರಿತು ಅನ್ನುವುದೊಂದನ್ನೇ ಹಿಡಿದು ಫಿಟ್ಸ್ ಅನ್ನಲು ಆಗುವುದಿಲ್ಲ. ಜರ್ಮನಿಯ ಡಾಕ್ಟರುಗಳು ಆರೋಗ್ಯವಾಗಿರುವವರನ್ನೇ ಬೇಕಂತ ಎಚ್ಚರ ತಪ್ಪಿಸಿ ವಿಡಿಯೋ ಮಾಡಿದ್ದರು. ಕುಕ್ಕರಗಾಲಲ್ಲಿ ಕೂರಿಸಿ, ಜೋರಾಗಿ ಉಸಿರಾಡಿಸಿ, ಆಮೇಲೆ ಗಕ್ಕನೆ ಎಬ್ಬಿಸಿ ಉಸಿರು ಬಿಗಿಹಿಡಿಸಿದರು. ಅದು ಪ್ರಕಟವಾಗಿದ್ದು 1994ರಲ್ಲಿ. ಪೂರ್ತಿ ಎಚ್ಚರ ತಪ್ಪಿದವರಲ್ಲಿ ನೂರಕ್ಕೆ 90 ಜನರ ಕೈಕಾಲು ಅದುರಿತ್ತು. ಮಿದುಳಿಗೆ ಕೆಲವು ಸೆಕೆಂಡು ರಕ್ತ ಸಾಲದೇ ಹೋದರೆ ಹಾಗಾಗುತ್ತದೆ. (ಮನೆಯಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಬೇಡಿ ದಯವಿಟ್ಟು.)

ಇನ್ನು ನಿಮ್ಮ ಮಗಳನ್ನು ಎತ್ತಿ ನಿಲ್ಲಿಸಿದರಲ್ಲ, ಅದೇ ದೊಡ್ಡ ತಪ್ಪು. ಬಿಪಿ ಇಳಿದವರು ಬೀಳುವುದೇ ತಲೆಗೆ ರಕ್ತ ಹೋಗಲಿ ಅಂತ ದೇಹ ಮಾಡುವ ಉಪಾಯ ಅಂತ ತಿಳಿಯಿರಿ. ನಿಲ್ಲಿಸಿ ಹಿಡಿದರೆ ಅದುರುವುದು ಜಾಸ್ತಿಯಾಗುತ್ತದೆ. ಮಲಗಿಸಿ ಕಾಲು ಎತ್ತಿದರೆ ಸಾಕು.

ನಿವೃತ್ತ ಮೇಷ್ಟ್ರು · ಸೋಮವಾರ ಬೆಳಿಗ್ಗೆ 6:10

ಅರ್ಧ ತಪ್ಪು ನಮ್ಮ ಭಾಷೆಯದೇ. "ಮೂರ್ಛೆ ಹೋದಳು" ಅಂದರೆ ಎಚ್ಚರ ತಪ್ಪಿದಳು ಅಂತ ಅರ್ಥ. "ಮೂರ್ಛೆ ರೋಗ" ಅಂದರೆ ಅಪಸ್ಮಾರ. ಎರಡಕ್ಕೂ ಒಂದೇ ಪದ. ಯುದ್ಧದಲ್ಲಿ ಮೂರ್ಛೆ ಹೋದ ಲಕ್ಷ್ಮಣನಿಗೆ ಸಂಜೀವಿನಿ ತಂದರು ಸರಿ, ಫಿಟ್ಸ್ ಮಾತ್ರೆ ಯಾರೂ ತರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ನೀವು "ಮೂರ್ಛೆ ಹೋದಳು ಸಾರ್" ಅಂದ ಕೂಡಲೇ ಚೀಟಿಯ ಮೇಲೆ ಏನು ಬರೆದರು ಅಂತ ಒಮ್ಮೆ ನೋಡಿ. ನಮ್ಮ ಕಡೆ ಹಳಬರು "ಬವಳಿ ಬಂತು" ಅನ್ನುತ್ತಿದ್ದರು. ತಲೆ ಸುತ್ತಿ, ಕಣ್ಣು ಕತ್ತಲಿಟ್ಟು ಬೀಳುವುದಕ್ಕೆ ಅದು ಸರಿಯಾದ ಪದ.

ನನ್ನ ಕಥೆ ಇದಕ್ಕೆ ಉಲ್ಟಾ. ನಾಲ್ಕನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಉಕ್ತಲೇಖನ ಬರೆಸುವಾಗ ಮಧ್ಯೆ ಒಂದೆರಡು ಪದ ಬಿಟ್ಟುಬಿಡುತ್ತಿದ್ದಳು. ಕರೆದರೆ ಉತ್ತರ ಇಲ್ಲ, ಕಿಟಕಿ ಕಡೆ ನೋಟ. ಹತ್ತು ಸೆಕೆಂಡಿಗೆ ಮತ್ತೆ ಬರೆಯುತ್ತಿದ್ದಳು. ಹಗಲುಗನಸು ಕಾಣುತ್ತಾಳೆ ಅಂತ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಎರಡು ಏಟು ಕೊಟ್ಟದ್ದೂ ಉಂಟು. ಆಮೇಲೆ ಗೊತ್ತಾಯಿತು, ಅದು ಅಪಸ್ಮಾರದ್ದೇ ಒಂದು ಬಗೆ, ದಿನಕ್ಕೆ ಹತ್ತಾರು ಸಲ ಬರುತ್ತಿತ್ತು. ಹಗಲುಗನಸು ಕಾಣುವ ಮಗುವಿನ ಭುಜ ಮುಟ್ಟಿದರೆ ತಿರುಗಿ ನೋಡುತ್ತದೆ. ಅವಳು ಮುಟ್ಟಿದರೂ ತಿರುಗುತ್ತಿರಲಿಲ್ಲ. ನಾನು ಅಷ್ಟು ಮಾಡಿ ನೋಡಿದ್ದರೆ ಸಾಕಿತ್ತು.

ಲೀಡ್ಸ್ ಕನ್ನಡಿಗ · ಸೋಮವಾರ ಸಂಜೆ 4:55

ಇಲ್ಲಿ ಬ್ರಿಟನ್‌ನಲ್ಲೂ ಇದೇ ಕಥೆ. ಮ್ಯಾಂಚೆಸ್ಟರ್‌ನಲ್ಲಿ ಅಪಸ್ಮಾರ ಅಂತ ಹೇಳಿಸಿಕೊಂಡಿದ್ದ 74 ಜನರನ್ನು ಹೃದಯದ ಡಾಕ್ಟರುಗಳು ಮತ್ತೆ ಪರೀಕ್ಷೆ ಮಾಡಿದರು. ಅವರಲ್ಲಿ ಮಾತ್ರೆ ತಿಂದರೂ ಬೀಳುವುದು ನಿಲ್ಲದವರು, ಮೊದಲಿನಿಂದಲೇ ಅನುಮಾನ ಇದ್ದವರು ಇದ್ದರು. 31 ಜನರಿಗೆ ಬೇರೆಯದೇ ಕಾರಣ ಸಿಕ್ಕಿತು. 2000ರಲ್ಲಿ ಬಂದ ವರದಿ ಅದು. ಮುಖ್ಯವಾಗಿ ನೋಡಿದ್ದು ಬಿಪಿ, ಹೃದಯದ ಬಡಿತ.

ಖಡಕ್ ಮಾತು · ಸೋಮವಾರ ರಾತ್ರಿ 8:02

ಕೀ ಕೊಟ್ಟರೆ ನಿಲ್ಲುವುದಿಲ್ಲ ಅನ್ನುವವರು ನಮ್ಮ ಊರಿಗೆ ಬನ್ನಿ. ಕಬ್ಬಿಣ ಕೈಗೆ ಕೊಟ್ಟ ಒಂದು ನಿಮಿಷಕ್ಕೆ ನಿಂತದ್ದನ್ನು ನಾನೇ ಎಷ್ಟು ಸಲ ನೋಡಿದ್ದೇನೆ.

ಇಇಜಿ ರೂಮಿನಿಂದ · ಸೋಮವಾರ ರಾತ್ರಿ 8:20

ಸೌಟು ಕೊಟ್ಟಿದ್ದರೂ ಒಂದು ನಿಮಿಷಕ್ಕೆ ನಿಲ್ಲುತ್ತಿತ್ತು ಸಾರ್. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಕೀ ಹುಡುಕಿ ತರುವಷ್ಟರಲ್ಲಿ ಅದರ ಸಮಯ ಮುಗಿದಿರುತ್ತದೆ. ಕೀ ಕೊಡುವುದರಿಂದ ದೊಡ್ಡ ತೊಂದರೆ ಇಲ್ಲ, ಬಾಯಿಗೆ ಚಮಚ, ಬಟ್ಟೆ, ನೀರು ಹಾಕುವುದು ಅಪಾಯ. ಎಡಕ್ಕೋ ಬಲಕ್ಕೋ ಮಗ್ಗುಲಾಗಿಸಿ, ತಲೆಯ ಕೆಳಗೆ ಮೆತ್ತಗಿರುವುದೇನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ, ಎಚ್ಚರ ಬಾರದಿದ್ದರೆ, ಮೊದಲನೇ ಸಲವಾದರೆ 108ಕ್ಕೆ ಫೋನ್ ಮಾಡಿ. ಜೊತೆಗಿರುವ ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೋ ಮಾಡಲಿ. ಮುಖ ಕಾಣಬೇಕು, ಕಣ್ಣು ತೆರೆದಿದೆಯಾ ಮುಚ್ಚಿದೆಯಾ ಕಾಣಬೇಕು. ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ನಮ್ಮ ಇಇಜಿಗಿಂತ ಅದು ಎಷ್ಟೋ ಸಲ ಹೆಚ್ಚು ಹೇಳುತ್ತದೆ.

ಹುಬ್ಬಳ್ಳಿ ಮಂದಿ · ಸೋಮವಾರ ರಾತ್ರಿ 9:15

ನಮ್ಮ ಅಪ್ಪಾಜಿದು ಹೇಳುತ್ತೇನೆ. 71 ವರ್ಷ, ಶುಗರ್ ಇದೆ, ಗ್ಲಿಮಿಪಿರೈಡ್ ಅನ್ನುವ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಏಕಾದಶಿ ಉಪವಾಸ ಬಿಡುವುದಿಲ್ಲ. ಅವತ್ತು ಊಟ ಇಲ್ಲ, ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಬೆಳಗಿನ ಜಾವ ಅವ್ವ ಕೂಗಿದಳು, "ಲಗೂ ಬಾರೋ, ನಿಮ್ಮಪ್ಪಗ ಏನೋ ಆಗೇತಿ." ಹೋಗಿ ನೋಡಿದರೆ ಬನಿಯನ್ ಹಿಂಡಿದರೆ ನೀರು ಸುರಿಯಬೇಕು, ಅಷ್ಟು ಬೆವರು. ಏನೇನೋ ಬಡಬಡಿಕೆ. ಆಮೇಲೆ ಕೈಕಾಲು ಸೆಟೆದವು. ಪಕ್ಕದ ಮನೆಯವರು ಸಕ್ಕರೆ ನೀರು ಬಾಯಿಗೆ ಹಾಕಲು ಬಂದರು. ಎಚ್ಚರ ಇಲ್ಲದವರಿಗೆ ಹಾಕಬಾರದು ಅಂತ ನಮ್ಮ ಓಣಿಯ ಕಂಪೌಂಡರ್ ತಡೆದರು, ಪುಣ್ಯಾತ್ಮ. ಮೀಟರ್‌ನಲ್ಲಿ ನೋಡಿದರೆ ಶುಗರ್ 34ಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಐದು ನಿಮಿಷಕ್ಕೆ "ಚಹಾ ಆತೇನು?" ಅಂದರು. ಆ ಮಾತ್ರೆ ಇನ್ನೂ ಮೈಯಲ್ಲಿ ಇರುತ್ತದೆ, ಮತ್ತೆ ಶುಗರ್ ಇಳಿಯಬಹುದು ಅಂತ ಒಂದು ದಿನ ಅಲ್ಲೇ ಇಟ್ಟುಕೊಂಡರು.

ಬಂದದ್ದು ಫಿಟ್ಸೇ ಅಂತೆ. ಆದರೆ ಫಿಟ್ಸ್ ರೋಗ ಅಲ್ಲ. ಈ ವ್ಯತ್ಯಾಸ ನಮ್ಮ ಕಾಕಾನಿಗೆ ಇನ್ನೂ ತಿಳಿದಿಲ್ಲ, ಊರೆಲ್ಲ ಹೇಳಿಕೊಂಡು ಬಂದಿದ್ದಾನೆ.

ಹಂಡೆ ನೀರು · ಮಂಗಳವಾರ ಬೆಳಿಗ್ಗೆ 7:30

ನಂಜನಗೂಡು ಕಡೆಯವನು ನಾನು. ನಮ್ಮ ಕಡೆಯ ವಿಚಾರ ಯಾರೂ ಎತ್ತಲಿಲ್ಲ ಅಂತ ಬರೆಯುತ್ತಿದ್ದೇನೆ.

ನಮ್ಮ ಅಕ್ಕನಿಗೆ ತಲೆಗೆ ನೀರು ಹಾಕಿಕೊಂಡಾಗ ಮಾತ್ರ ಬರುತ್ತಿತ್ತು. ಬಚ್ಚಲಲ್ಲಿ ಹಂಡೆ ತುಂಬ ಕುದಿಯುವಂಥ ನೀರು, ಅಜ್ಜಿ ಚೊಂಬಿನಲ್ಲಿ ಎತ್ತಿ ಎತ್ತಿ ನೆತ್ತಿಗೆ ಹುಯ್ಯುತ್ತಿದ್ದರು. ಅಕ್ಕ "ಇನ್ನೂ ಹಾಕು, ಇನ್ನೂ ಹಾಕು" ಅನ್ನುತ್ತಿದ್ದಳು. ಒಂಥರಾ ಸುಖವಾಗುತ್ತಿತ್ತಂತೆ. ಆಮೇಲೆ ಮಾತು ನಿಂತು ಕಣ್ಣು ಒಂದೇ ಕಡೆ ನಿಲ್ಲುತ್ತಿತ್ತು. ತುಟಿ ಏನೋ ಗೊಣಗುತ್ತಿತ್ತು. ಮುಂದೆ ಒರಗಿಬಿಡುತ್ತಿದ್ದಳು. "ಉಷ್ಣ ನೆತ್ತಿಗೇರಿತು" ಅಂತ ಹರಳೆಣ್ಣೆ ಹಚ್ಚಿದರು. ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದರು. ಐದು ವರ್ಷ ಹೀಗೇ ನಡೆಯಿತು.

ಇದು ನಿಜವಾದ ಅಪಸ್ಮಾರ. ಬಿಸಿನೀರಿನ ಅಪಸ್ಮಾರ ಅಂತಲೇ ಹೆಸರು. ಜಗತ್ತಿನ ಬೇರೆ ಕಡೆ ಅಪರೂಪ, ನಮ್ಮ ಮೈಸೂರು ಸೀಮೆಯಲ್ಲಿ ಜಾಸ್ತಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ 1960ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ನಿಮ್ಹಾನ್ಸ್‌ನವರು 1988ರಲ್ಲಿ 279 ಜನರ ವಿವರ ಪ್ರಕಟಿಸಿದರು. ಅಕ್ಕನಿಗೆ ಡಾಕ್ಟರ್ ಹೇಳಿದ ಮೊದಲ ಮದ್ದು ಏನು ಗೊತ್ತಾ? ಉಗುರು ಬೆಚ್ಚಗಿನ ನೀರು. ಮೊದಲು ಮೈಗೆ ಹಾಕಿಕೊಳ್ಳಿ, ತಲೆಗೆ ಆಮೇಲೆ, ಸ್ವಲ್ಪ ಸ್ವಲ್ಪವೇ ಅಂದರು. ತಲೆ ಸ್ನಾನದ ದಿನ ಮುಂಚೆ ನುಂಗಲು ಒಂದು ಮಾತ್ರೆಯನ್ನೂ ಕೊಟ್ಟರು. ಅಜ್ಜಿಗೆ ಮಾತ್ರ ಕೊನೆವರೆಗೂ ಒಪ್ಪಿಗೆ ಇರಲಿಲ್ಲ. "ತಣ್ಣೀರು ಹುಯ್ದುಕೊಂಡರೆ ಅದು ದೀಪಾವಳಿನಾ?"

ಎರಡನೇ ಮಹಡಿ · ಮಂಗಳವಾರ ಮಧ್ಯಾಹ್ನ 1:45

ಬಚ್ಚಲಲ್ಲಿ ಬಿದ್ದರೆ ಇನ್ನೊಂದು ಕಾರಣವೂ ಇದೆ. ಬೆಂಗಳೂರಿನ ಬಾಡಿಗೆ ಮನೆಯವರು ದಯವಿಟ್ಟು ಓದಿ.

ಡಿಸೆಂಬರ್ ತಿಂಗಳು. ನನ್ನ ಹೆಂಡತಿ ಸ್ನಾನಕ್ಕೆ ಹೋದವಳು 20 ನಿಮಿಷವಾದರೂ ಬರಲಿಲ್ಲ. ಕರೆದರೆ ಉತ್ತರ ಇಲ್ಲ. ಚಿಲಕ ಮುರಿದು ಒಳಗೆ ಹೋದೆ. ಬಿದ್ದಿದ್ದಳು, ಕೈ ಸೆಟೆದಿತ್ತು. ಆಸ್ಪತ್ರೆಯಲ್ಲಿ ಫಿಟ್ಸ್ ಅಂದರು. ಸ್ಕ್ಯಾನ್, ಇಇಜಿ ಎಲ್ಲ ಆಯಿತು, ಮಾತ್ರೆ ಕೊಟ್ಟು ಕಳಿಸಿದರು. ಬೆರಳಿಗೆ ಸಿಕ್ಕಿಸುವ ಮೀಟರ್‌ನಲ್ಲಿ ಆಕ್ಸಿಜನ್ 98 ತೋರಿಸಿತ್ತು. ಮೂರು ವಾರಕ್ಕೆ ಊರಿಂದ ಬಂದ ನನ್ನ ತಮ್ಮ ಅದೇ ಬಚ್ಚಲಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದ, ತಲೆ ಸಿಡಿಯುತ್ತಿದೆ ಅಂದ. ಆಗ ತಲೆ ಓಡಿತು.

ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇತ್ತು. ಚಳಿ ಅಂತ ವೆಂಟಿಲೇಟರಿಗೆ ನಾನೇ ರಟ್ಟು ಅಂಟಿಸಿದ್ದೆ. ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ಬೆರಳಿನ ಮೀಟರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಅದಕ್ಕೆ 98. ತಕ್ಷಣ ಬೇರೆ ರಕ್ತಪರೀಕ್ಷೆ ಮಾಡಿದ್ದರೆ ಗೊತ್ತಾಗುತ್ತಿತ್ತಂತೆ. ಗೀಸರ್ ಒಳಗಿದೆ ಅಂತ ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ. ಈಗ ಗೀಸರ್ ಯುಟಿಲಿಟಿಯಲ್ಲಿದೆ, ಪೈಪ್ ಮಾತ್ರ ಒಳಗೆ. ಹೆಂಡತಿಯ ಮಾತ್ರೆ ಆರು ತಿಂಗಳಿಗೆ ನಿಂತಿತು. ರಟ್ಟು ಅಂಟಿಸಿದ ಕೈ ನನ್ನದೇ, ಅದು ಮರೆಯುವುದಿಲ್ಲ.

ಪುತ್ತೂರಿನ ಅಮ್ಮ · ಮಂಗಳವಾರ ರಾತ್ರಿ 9:05

ಓದಿ ಕೈ ತಣ್ಣಗಾಯಿತು ಮಾರಾಯ್ರೆ. ನಮ್ಮದು ಸಣ್ಣ ಮಗುವಿನದ್ದು. ಒಂದೂವರೆ ವರ್ಷದವ, ಕೇಳಿದ್ದು ಕೊಡದಿದ್ದರೆ ಅಳುತ್ತಾನೆ. ಅಳು ಗಂಟಲಲ್ಲೇ ನಿಂತು, ಬಾಯಿ ತೆರೆದೇ ಇದ್ದು, ತುಟಿ ನೀಲಿ ಆಗಿ, ಮೈ ಬಿಲ್ಲಿನ ಹಾಗೆ ಬಗ್ಗಿ, ಆಮೇಲೆ ಮೆತ್ತಗಾಗಿ ಬಿಡುತ್ತಾನೆ. ಅತ್ತೆ ಬಾಲಗ್ರಹ ಅಂತ ನೂಲು ಕಟ್ಟಿಸಿದರು. ಮಕ್ಕಳ ಡಾಕ್ಟರ್ ನಮ್ಮ ವಿಡಿಯೋ ನೋಡಿ, "ಇದು ಉಸಿರು ಕಟ್ಟುವುದು, ಫಿಟ್ಸ್ ಅಲ್ಲ. ಪ್ರತಿ ಸಲ ಅಳುವೇ ಮೊದಲು ಉಂಟಲ್ಲ" ಅಂದರು. ಹೃದಯದ ಬಡಿತ ನೋಡುವ ಇಸಿಜಿ ಮಾಡಿಸಿದರು. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇತ್ತು. ಐರನ್ ಡ್ರಾಪ್ಸ್ ಶುರು ಮಾಡಿದ ಮೇಲೆ ವಾರಕ್ಕೆ ನಾಲ್ಕು ಸಲ ಬರುತ್ತಿದ್ದದ್ದು ತಿಂಗಳಿಗೆ ಒಂದಕ್ಕೆ ಇಳಿದಿದೆ. ಆರು ವರ್ಷದ ಒಳಗೆ ಹೋಗುತ್ತದಂತೆ. ಅಲ್ಲಿಯವರೆಗೆ ಅವ ಕೇಳಿದ್ದೆಲ್ಲ ಕೊಡಬೇಡಿ ಅಂತಲೂ ಹೇಳಿದ್ದಾರೆ. ಅದು ಅಜ್ಜನಿಗೆ ಹೇಳಿದರೆ ಕೇಳಬೇಕಲ್ಲ!

ಇಇಜಿ ರೂಮಿನಿಂದ · ಮಂಗಳವಾರ ರಾತ್ರಿ 9:40

ಚಿಕ್ಕ ಮಕ್ಕಳ ಮಾತು ಬಂತು, ಹಾಗಾಗಿ ಒಂದು ಎಚ್ಚರಿಕೆ. ಇಲ್ಲಿ ಎಲ್ಲರೂ "ಫಿಟ್ಸ್ ಅಲ್ಲ" ಅನ್ನುವ ಕಡೆಗೆ ವಾಲುತ್ತಿದ್ದೀರಿ. ನಿದ್ದೆಯಲ್ಲಿ ಮಾತ್ರ ಕೈಕಾಲು ಜಗ್ಗಿ, ಎಬ್ಬಿಸಿದರೆ ನಿಲ್ಲುವ ಎಳೆಮಗು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಒಂದು ವರ್ಷದೊಳಗಿನ ಮಗು ನಿದ್ದೆಯಿಂದ ಎದ್ದ ಕೂಡಲೇ ಬೆಚ್ಚಿದ ಹಾಗೆ ತಲೆ ಬಗ್ಗಿಸಿ ಕೈ ಚಾಚಿ, ಮತ್ತೆ ಕೆಲವು ಸೆಕೆಂಡಿಗೆ ಅದನ್ನೇ ಮಾಡಿ, ಹೀಗೆ ಸಾಲಾಗಿ ಹತ್ತಿಪ್ಪತ್ತು ಸಲ ಮಾಡಿದರೆ, ಹೊಟ್ಟೆನೋವು ಅಂತ ಓಂಕಾಳು ನೀರು ಕುಡಿಸುತ್ತ ಕೂರಬೇಡಿ. ಅದು ನಿಜವಾದ ಫಿಟ್ಸ್. ಡಾ. ವೆಸ್ಟ್ ಅನ್ನುವವರು 1841ರಲ್ಲಿ ತಮ್ಮ ಸ್ವಂತ ಮಗನಲ್ಲಿ ಇದನ್ನು ನೋಡಿ ಬರೆದಿದ್ದರು. ನಮಸ್ಕಾರ ಮಾಡಿದ ಹಾಗೆ ಕಾಣುತ್ತದೆ ಅಂತ ಸಲಾಂ ಅಂತಲೂ ಕರೆಯುತ್ತಾರೆ. ವಾರಗಟ್ಟಲೆ ತಡ ಮಾಡಿದರೆ ಮಗುವಿನ ಬುದ್ಧಿ ಬೆಳವಣಿಗೆಗೇ ಪೆಟ್ಟು.

ನಾಲೆ ಪಕ್ಕದ ಮನೆ · ಮಂಗಳವಾರ ರಾತ್ರಿ 11:30

ಪುತ್ತೂರಿನವರ ಡಾಕ್ಟರ್ ಇಸಿಜಿ ಮಾಡಿಸಿದರು ಅಂತ ಓದಿದೆ. ಒಳ್ಳೆಯ ಡಾಕ್ಟರ್.

ನಮ್ಮ ಚಿಕ್ಕಪ್ಪನ ಮಗಳು 13 ವರ್ಷದವಳಿದ್ದಾಗ ಬೆಳಿಗ್ಗೆ ಅಲಾರಂ ಹೊಡೆದಾಗ ಎರಡು ಸಲ ಎಚ್ಚರ ತಪ್ಪಿ ಕೈಕಾಲು ಅದುರಿತು. ಅಪಸ್ಮಾರ ಅಂತ ಎರಡು ವರ್ಷ ಮಾತ್ರೆ ಕೊಟ್ಟರು. ಯಾರೂ ಇಸಿಜಿ ತೆಗೆಯಲಿಲ್ಲ, ತೊಂದರೆ ತಲೆಯದು ತಾನೇ ಅಂತ. ಆಮೇಲೆ ಬೇರೆ ಊರಲ್ಲಿ ತೆಗೆದರು. ಕ್ಯೂಟಿ ಅನ್ನುವ ಅಂತರ ಉದ್ದ ಇತ್ತು. ಪ್ರತಿ ಬಡಿತ ಆದ ಮೇಲೆ ಹೃದಯ ಮತ್ತೆ ಚಾರ್ಜ್ ಆಗಲು ತೆಗೆದುಕೊಳ್ಳುವ ಹೊತ್ತು ಅವಳಿಗೆ ಜಾಸ್ತಿ. ಆ ಹೊತ್ತಿನಲ್ಲಿ ದಿಢೀರ್ ಸದ್ದು ಕೇಳಿದರೆ, ಹೆದರಿದರೆ, ಕೆಲವರಿಗೆ ಓಡಿದರೆ ಈಜಿದರೆ, ಬಡಿತ ಹದ ತಪ್ಪುತ್ತದೆ. ರಕ್ತ ಮೇಲೆ ಹೋಗುವುದಿಲ್ಲ, ಬೀಳುತ್ತಾರೆ, ಅದುರುತ್ತಾರೆ. ನೋಡುವವರಿಗೆ ಫಿಟ್ಸೇ. ಬಡಿತ ತಾನಾಗಿ ಸರಿಹೋದರೆ ಏಳುತ್ತಾರೆ.

ಮನೆಮಂದಿಗೆಲ್ಲ ಇಸಿಜಿ ಮಾಡಿದರು. ಅವಳ ಅಮ್ಮನಿಗೂ ಅದೇ ಇತ್ತು. ಅವಳ ಅಣ್ಣ ಏಳು ವರ್ಷದ ಹಿಂದೆ ನಾಲೆಯಲ್ಲಿ ಹೋದ. ಚೆನ್ನಾಗಿ ಈಜುತ್ತಿದ್ದ ಹುಡುಗ. ಹೇಗೆ ಮುಳುಗಿದ ಅಂತ ಆಗ ಯಾರಿಗೂ ಅರ್ಥವಾಗಿರಲಿಲ್ಲ.

ಸುಮಾ ಅವರೇ, ಇಸಿಜಿ ಆಗಿದೆಯಾ?

ತಿಪಟೂರು ಸುಮಾ · ಬುಧವಾರ ಬೆಳಿಗ್ಗೆ 5:50

ಆಗಿಲ್ಲ. ಇವತ್ತೇ ಹೋಗುತ್ತೇವೆ.

ಖಡಕ್ ಮಾತು · ಬುಧವಾರ ಬೆಳಿಗ್ಗೆ 10:15

ಎಲ್ಲ ಸರಿ. ಆದರೆ ಅರ್ಧಕ್ಕರ್ಧ ನಾಟಕವೂ ಇರುತ್ತದೆ, ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ? ಅತ್ತೆ ಬೈದರೆ ಬೀಳುವವರನ್ನು ನೋಡಿದ್ದೇನೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅರ್ಧ ಗಂಟೆ ಒದ್ದಾಡುತ್ತಾರೆ.

ಹೆಸರು ಬೇಡ · ಬುಧವಾರ ರಾತ್ರಿ 10:48

ಆ ಕಣ್ಣು ಮುಚ್ಚಿಕೊಳ್ಳುವವಳು ನಾನೇ ಅಂತ ತಿಳಿಯಿರಿ. 27 ವರ್ಷ. ನನಗೆ ಬಂದಾಗ ಕೆಲವು ಸಲ ಸುತ್ತ ಆಡುವ ಮಾತು ಕೇಳಿಸುತ್ತದೆ. ಬಾವಿಯೊಳಗಿಂದ ಕೇಳಿದ ಹಾಗೆ. ಉತ್ತರ ಕೊಡಲು ಆಗುವುದಿಲ್ಲ. ಕೈ ನಿಲ್ಲಿಸಬೇಕು ಅಂತ ಅಂದುಕೊಂಡರೂ ಕೈ ನನ್ನ ಮಾತು ಕೇಳುವುದಿಲ್ಲ. ಇಪ್ಪತ್ತು ನಿಮಿಷ, ಒಮ್ಮೆ ನಲವತ್ತು. ಒಂದು ಸಲ ನಿಲ್ಲಲಿಲ್ಲ ಅಂತ ಐಸಿಯುನಲ್ಲಿ ನಿದ್ದೆ ಮದ್ದು ಕೊಟ್ಟು ಗಂಟಲಿಗೆ ಟ್ಯೂಬ್ ಹಾಕಿದರು. ನಾಟಕಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ ಹೇಳಿ. ಮೂರು ಥರದ ಮಾತ್ರೆ ಬದಲಾದವು. ಒಂದೂ ಕೆಲಸ ಮಾಡಲಿಲ್ಲ.

ಕೊನೆಗೆ ವಿಡಿಯೋ ಇಇಜಿಗೆ ಸೇರಿಸಿದರು. ತಲೆಗೆ ವೈರು, ಎದುರಿಗೆ ಕ್ಯಾಮೆರಾ, ಮೂರು ದಿನ. ಎರಡನೇ ರಾತ್ರಿ ಬಂತು. ಡಾಕ್ಟರ್ ಮಾರನೇ ದಿನ ಕುರ್ಚಿ ಎಳೆದುಕೊಂಡು ಕೂತು ತೋರಿಸಿದರು. ಮೈ ಅಷ್ಟು ಒದ್ದಾಡುವಾಗಲೂ ಮಿದುಳಿನ ಅಲೆಯಲ್ಲಿ ಫಿಟ್ಸ್ ಇಲ್ಲ. "ನೀವು ಬೇಕಂತ ಮಾಡುತ್ತಿಲ್ಲ, ನನಗೆ ಗೊತ್ತು. ಇದು ಬರುವುದು ನಿಜ, ಇದರ ದಾರಿ ಬೇರೆ, ಔಷಧಿಯೂ ಬೇರೆ" ಅಂದರು. ಅವತ್ತು ನಾನು ಅತ್ತಷ್ಟು ಯಾವತ್ತೂ ಅತ್ತಿಲ್ಲ. ಅದರ ಹಿಂದೆ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಈಗ ವಾರಕ್ಕೊಮ್ಮೆ ಕೌನ್ಸೆಲಿಂಗ್. ಬರುವ ಮೊದಲು ಬೆರಳ ತುದಿ ಜುಂ ಅನ್ನುವುದು ಈಗ ಗೊತ್ತಾಗುತ್ತದೆ. ಆಗ ನೆಲಕ್ಕೆ ಅಂಗೈ ಒತ್ತಿ, ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳುತ್ತೇನೆ. ನಾಲ್ಕು ತಿಂಗಳಲ್ಲಿ ಎರಡೇ ಸಲ ಬಂದಿದೆ.

ಇಇಜಿ ರೂಮಿನಿಂದ · ಬುಧವಾರ ರಾತ್ರಿ 11:10

ಧನ್ಯವಾದ ತಂಗಿ, ಬರೆದಿದ್ದಕ್ಕೆ. ಖಡಕ್ ಸಾರ್, ಕಣ್ಣು ಮುಚ್ಚಿರುವುದು, ತಲೆ ಅತ್ತಿತ್ತ ಆಡಿಸುವುದು, ತುಂಬ ಹೊತ್ತು ಏರಿಳಿಯುವುದು, ಇವೆಲ್ಲ ಡಾಕ್ಟರಿಗೆ ಸುಳಿವು. ಅವು ಸುಳ್ಳಿನ ಗುರುತು ಅಲ್ಲ. ದೊಡ್ಡ ಆಸ್ಪತ್ರೆಗಳಿಗೆ "ಮಾತ್ರೆಗೆ ಬಗ್ಗದ ಫಿಟ್ಸ್" ಅಂತ ಬರುವವರಲ್ಲಿ ಐದರಲ್ಲಿ ಒಬ್ಬರಾದರೂ ಈ ಥರದವರು. ಕೆಲವರಿಗೆ ಎರಡೂ ಇರುತ್ತದೆ. ಇನ್ನು ಮಿದುಳಿನ ಮುಂಭಾಗದಿಂದ ಬರುವ ನಿಜವಾದ ಫಿಟ್ಸ್ ಇದೆಯಲ್ಲ, ಅದು ರಾತ್ರಿ ಬಂದು ಕಾಲು ಸೈಕಲ್ ತುಳಿದ ಹಾಗೆ ಮಾಡಿಸುತ್ತದೆ, ಕೂಗಿಸುತ್ತದೆ. ನೋಡಿದರೆ ಅದೇ ನಾಟಕದ ಹಾಗೆ ಕಾಣುತ್ತದೆ. ನಾವು 11 ವರ್ಷ ನೋಡಿದವರೇ ಕಣ್ಣಳತೆಯಲ್ಲಿ ಹೇಳುವುದಿಲ್ಲ.

ನಿವೃತ್ತ ಮೇಷ್ಟ್ರು · ಗುರುವಾರ ಬೆಳಿಗ್ಗೆ 6:05

ಒಂದು ಕಾನೂನಿನ ಮಾತು. ಹಿಂದೂ ವಿವಾಹ ಕಾಯಿದೆಯಲ್ಲಿ ಪದೇ ಪದೇ ಅಪಸ್ಮಾರ ಬರುವವರ ಮದುವೆಗೆ ತೊಡಕಾಗುವ ಪದಗಳಿದ್ದವು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಇದ್ದರೂ ತಲೆ ತಗ್ಗಿಸಬೇಕಿಲ್ಲ ಅಂತ ಹೇಳಿದೆ. ಈ ಚರ್ಚೆ ಓದುತ್ತ ಓದುತ್ತ "ಸದ್ಯ, ಫಿಟ್ಸ್ ಅಲ್ಲ" ಅನ್ನುವ ನಿಟ್ಟುಸಿರು ಸ್ವಲ್ಪ ಜಾಸ್ತಿಯೇ ಕೇಳಿಸುತ್ತಿದೆ. ನಾಲೆ ಪಕ್ಕದ ಮನೆಯವರು ಬರೆದದ್ದನ್ನು ಇನ್ನೊಮ್ಮೆ ಓದಿ. ಅದು ಫಿಟ್ಸ್ ಆಗಿದ್ದರೆ ಎಷ್ಟೋ ವಾಸಿಯಿತ್ತು.

ತಿಪಟೂರು ಸುಮಾ · ಮೂರು ವಾರದ ನಂತರ, ಶನಿವಾರ ರಾತ್ರಿ 8:30

ತಡವಾಯಿತು, ಕ್ಷಮಿಸಿ. ಇಸಿಜಿ ನಾರ್ಮಲ್. ಹೃದಯದ ಸ್ಕ್ಯಾನ್, ಎಕೋ ಅಂತಾರಲ್ಲ, ಅದು ಕೂಡ. ಆಮೇಲೆ ಬೆಂಗಳೂರಿನಲ್ಲಿ ಟಿಲ್ಟ್ ಟೆಸ್ಟ್ ಮಾಡಿಸಿದರು. ಮಂಚಕ್ಕೆ ಬೆಲ್ಟ್ ಹಾಕಿ ಮಲಗಿಸಿ, ಮಂಚವನ್ನೇ ಗೋಡೆಗೆ ಒರಗಿಸಿದ ಏಣಿಯ ಹಾಗೆ ಎತ್ತುತ್ತಾರೆ. ಸುಮ್ನೆ ಹಾಗೇ ನಿಂತಿರಬೇಕು. ಗಾಜಿನ ಆಚೆ ನನ್ನನ್ನು ಕೂರಿಸಿದ್ದರು. 20 ನಿಮಿಷ ಏನೂ ಇಲ್ಲ, ಆಕಳಿಸುತ್ತಿದ್ದಳು. 22ನೇ ನಿಮಿಷಕ್ಕೆ ಅದೇ ಮಾತು, "ಕಿವಿ ಗುಂಯ್ ಅಂತಿದೆ." ಪರದೆ ಮೇಲೆ ಬಿಪಿ ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಮದುವೆ ಮನೆಯಲ್ಲಿ ನೋಡಿದ ಅದೇ ಸುಣ್ಣದ ಮುಖ, ಅದೇ ಕೈ ಜಗ್ಗಾಟ. ಮಂಚ ಮಲಗಿಸಿದರು. ಹತ್ತೇ ಸೆಕೆಂಡು, "ಮುಗೀತಾ?" ಅಂದಳು.

ಹಳೆಯ ಇಇಜಿಯನ್ನೂ ಅಲ್ಲಿ ಮತ್ತೆ ಓದಿದರು. ತೂಕಡಿಸುವಾಗ ಬರುವ ಅಲೆಗಳು ಅಷ್ಟೇ ಅಂದರು. ಮಾತ್ರೆಯನ್ನು ಎರಡು ತಿಂಗಳಲ್ಲಿ ಇಳಿಸುತ್ತಾರೆ. ನೀರು ಜಾಸ್ತಿ ಕುಡಿಯಬೇಕು, ತಿಂಡಿ ಬಿಡಬಾರದು, ಕಿವಿ ಗುಂಯ್ ಅಂದ ಕೂಡಲೇ ಮಲಗಬೇಕು. ಆಗದಿದ್ದರೆ ಕಾಲು ಕತ್ತರಿ ಹಾಕಿ, ತೊಡೆ ಬಿಗಿ ಮಾಡಿ, ಮುಷ್ಟಿ ಹಿಡಿಯಬೇಕು.

ಮೊನ್ನೆ ಮತ್ತೆ ರಕ್ತ ಕೊಡಬೇಕಿತ್ತು. "ನಾನು ಮಲಗಿಕೊಂಡೇ ಕೊಡೋದು" ಅಂದಳು. ಲ್ಯಾಬ್‌ನವನು "ಇಷ್ಟು ದೊಡ್ಡ ಹುಡುಗಿ, ಸೂಜಿಗೆ ಹೆದರ್ತೀಯಾ?" ಅಂತ ನಕ್ಕ. ಇವಳು ಅವನಿಗೆ ಬಿಪಿ ಬಗ್ಗೆ ಐದು ನಿಮಿಷ ಪಾಠ ಮಾಡಿದಳು. ಪಾಪ, ಒಳಗಿಂದ ಮಂಚ ಎಳೆದು ತಂದ.

ಹುಬ್ಬಳ್ಳಿ ಮಂದಿ · ಶನಿವಾರ ರಾತ್ರಿ 8:52

ಶಬಾಶ್ ಮಗಳೇ! ನಮ್ಮ ಅಪ್ಪಾಜಿ ಈಗ ಏಕಾದಶಿ ಹಿಂದಿನ ದಿನ ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಕೇಳಿಕೊಳ್ಳುತ್ತಾರೆ. ಉಪವಾಸ ಬಿಡಿ ಅಂದರೆ ಮಾತ್ರ ಕಿವಿ ಕೇಳಿಸುವುದಿಲ್ಲ.